ಗೌರಕ್ಕನ ಬ್ಯಾಟರಿ ರೂಮು

ಗೌರಕ್ಕ ಬ್ಯಾಟರಿಯನ್ನು ಮುಟ್ಟುವ ಮೊದಲು ಮೂಸುತ್ತಿದ್ದರು. ನಿನ್ನೆಯ ಸಾರಿನ ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ಯುತ್ತೇವಲ್ಲ, ಹಾಗೆ. ಇಷ್ಟು ಬರೆದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಅವರು ಮೂಸಿದ್ದನ್ನು ನಾನು ಕಣ್ಣಾರೆ ಕಂಡದ್ದು ಎರಡು ಸಲವೋ ಒಂದೇ ಸಲವೋ. ಒಮ್ಮೆ ಕಂಡದ್ದನ್ನು ಅಭ್ಯಾಸವೆಂದು ಬರೆದುಕೊಳ್ಳುವ ಚಾಳಿ ನನ್ನ ದಿನಚರಿಗೆ ಮೊದಲಿನಿಂದಲೂ ಇದೆ. ಹಾಗಾಗಿ ಈ ಬರಹದಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವರ ಮಾತುಗಳನ್ನು ಮಾತ್ರ ಆಯಾ ದಿನವೇ ಬರೆದಿಟ್ಟಿದ್ದೇನೆ.

ನಾನು ಮಾರ್ಗನ್ ಹಿಲ್‌ಗೆ ಬಂದ ಹೊಸತು. ಒಬ್ಬಳೇ ಇದ್ದೆ. ಸ್ಯಾನ್ ಹೋಸೆಯ ಆಫೀಸಿಗೆ ಕಾರಿತ್ತು. ಮನಸ್ಸಿಗೆ ಬೇಕೆಂದು ಒಂದು ಹಳೆಯ ಮೋಟಾರ್‌ಸೈಕಲ್ ಕೊಂಡಿದ್ದೆ. ಒಂದು ಚಳಿಯ ಬೆಳಗ್ಗೆ ಅದು ಸ್ಟಾಪ್ ಸೈನ್ ಹತ್ತಿರ ನಿಂತುಬಿಟ್ಟಿತು. ಹೆಲ್ಮೆಟ್ ತೆಗೆದು ಅದಕ್ಕೆ ಕನ್ನಡದಲ್ಲಿ ಬೈಯುತ್ತಿದ್ದಾಗ, ಸೀರೆಯ ಮೇಲೆ ಮಗಳ ಸ್ವೆಟರ್ ತೊಟ್ಟು, ಕಾಲಿಗೆ ಓಡುವ ಶೂ ಹಾಕಿ ವಾಕಿಂಗ್ ಹೊರಟಿದ್ದ ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ನಿಂತರು. ಹಣೆಯ ಮೇಲೆ ತೆಳುವಾದ ವಿಭೂತಿ. "ಅದಕ್ಕ ಬೈದ್ರ ಏನ್ ಬಂತವ್ವಾ? ಚೋಕ್ ಎಳದೀಯೇನು ನೋಡು," ಎಂದರು. ಎಳೆದಿರಲಿಲ್ಲ. ಎಳೆದೆ, ಗಾಡಿ ಸ್ಟಾರ್ಟ್ ಆಯಿತು. ನಾನು "ಥ್ಯಾಂಕ್ಸ್ ಆಂಟಿ" ಎಂದೆ. "ಆಂಟಿ ಅನಬ್ಯಾಡ. ಬಾಡಿಗಿ ಕೇಳಾಕ ಬಂದಾಕಿ ಅನಿಸ್ತೈತಿ. ಅಕ್ಕ ಅನ್ನು."

ಅವರು ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಸರ್ವೀಸು ಕಳೆದವರು. ಮೊದಲು ಆಪರೇಟರ್. ಟ್ರಂಕ್ ಕಾಲುಗಳ ಬೋರ್ಡಿನ ಮುಂದೆ ಕೂತು ತಂತಿ ಸಿಕ್ಕಿಸಿ ಊರಿಗೂ ಊರಿಗೂ ಮಾತು ಕೂಡಿಸುವ ಕೆಲಸ. ಬೋರ್ಡು ಹೋಗಿ ಯಂತ್ರಗಳು ಬಂದ ಮೇಲೆ ಪರೀಕ್ಷೆ ಬರೆದು ಟೆಕ್ನಿಷಿಯನ್ ಆದರು. ಯಾರೂ ಒಲ್ಲದ ಬ್ಯಾಟರಿ ರೂಮು ಅವರ ಪಾಲಿಗೆ ಬಂತು. ಊರಿನ ಕರೆಂಟು ಹೋದರೂ ಫೋನು ಸಾಯದಂತೆ ಕಾಯುವ ಬ್ಯಾಟರಿಗಳು ಸಾಲಾಗಿ ನಿಂತಿರುತ್ತಿದ್ದ ಕೋಣೆ ಅದು. ದಿನಾ ಬೆಳಗ್ಗೆ ಒಂದೊಂದರ ಮುಚ್ಚಳ ತೆಗೆದು ಆಸಿಡ್ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಕುಡಿಸಬೇಕು. "ಹತ್ತಿ ಸೀರಿ ಉಟ್ಟು ಹೋದ್ರ ಸಂಜೀಕ ಜರಡಿ ಆಗಿರ್ತಿತ್ತು," ಎನ್ನುತ್ತಿದ್ದರು. ಹೀಗಾಗಿ ಕೆಲಸಕ್ಕೆ ಬರೀ ಪಾಲಿಯೆಸ್ಟರ್. ಇಲ್ಲಿ ಮಗಳ ಮನೆಯಲ್ಲಿ ಹತ್ತಿ ಸೀರೆಯನ್ನೇ ಉಡುತ್ತಿದ್ದುದು ಒಂದು ಬಗೆಯ ನಿವೃತ್ತಿ ವೇತನವೆಂದು ಕಾಣುತ್ತದೆ.

ಮಗಳು ಆಸ್ಪತ್ರೆಯಲ್ಲಿ ಡಾಕ್ಟರು. ಬೆಳಕು ಹರಿಯುವಾಗ ಹೊರಟರೆ ಸಂಜೆಗೆ ಬರುವವಳು. ಆ ಮನೆಗೆ ಮೂರು ಕಾರು ಹಿಡಿಸುವ ಗ್ಯಾರೇಜು. ನನ್ನ ಅಪಾರ್ಟ್‌ಮೆಂಟಿಗೆ ಇದ್ದದ್ದು ಕಾರಿನ ಮೇಲೊಂದು ತಗಡಿನ ನೆರಳು. ನವೆಂಬರಿನಲ್ಲಿ ಅಮ್ಮ ಮೈಸೂರಿನಿಂದ ಬಂದು ಚಳಿಗಾಲವಿಡೀ ನನ್ನ ಜೊತೆ ಇರುತ್ತಾಳೆ ಎಂದು ಗೊತ್ತಾದಾಗ, ಗಾಡಿಯನ್ನು ಗೌರಕ್ಕನ ಗ್ಯಾರೇಜಿನಲ್ಲಿ ಬಚ್ಚಿಡಲು ಜಾಗ ಕೇಳಿದೆ.

ಅವ್ವನಿಗೆ ಯಾಕೆ ಹೇಳುವುದಿಲ್ಲ ಎಂದು ಅವರು ಸಹಜವಾಗಿಯೇ ಕೇಳಿದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಗೆಳತಿಯ ಬೈಕು ಓಡಿಸಿ ಬಿದ್ದು ಕತ್ತಿನ ಕೆಳಗಿನ ಮೂಳೆ ಮುರಿದುಕೊಂಡಿದ್ದೆ. ಅಮ್ಮ ತಲೆಗೆ ಸ್ನಾನ ಮಾಡಿ ಬಂದು, ನನ್ನ ಕೈಯನ್ನು ಹಿಡಿದು ತನ್ನ ತಲೆಯ ಮೇಲಿಟ್ಟು ಆಣೆ ಮಾಡಿಸಿದ್ದಳು, ಇನ್ನು ಜನ್ಮದಲ್ಲಿ ಬೈಕು ಹತ್ತುವುದಿಲ್ಲವೆಂದು. ತಾಯಿಯ ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಕೇಡು ತಾಯಿಗೇ. ನಾನು ಎಂಜಿನಿಯರಿಂಗ್‌ನಲ್ಲಿ ಎರಡು ಡಿಗ್ರಿ ಮಾಡಿದವಳು, ಇದನ್ನು ನಂಬುವುದಿಲ್ಲ. ಆದರೂ ಗಾಡಿ ಕೊಂಡ ವಾರ ಅಮ್ಮನಿಗೆ ದಿನಕ್ಕೆರಡು ಸಲ ಫೋನು ಮಾಡಿದ್ದೆ. ಆಣೆಯ ದಿನ ಅವಳ ತಲೆಗೆ ಟವೆಲ್ ಸುತ್ತಿತ್ತು, ಅಂದರೆ ನಾನು ಮುಟ್ಟಿದ್ದು ಟವೆಲನ್ನೇ ಹೊರತು ತಲೆಯನ್ನಲ್ಲ ಎಂಬ ವಾದವನ್ನೂ ವರ್ಷಗಳಿಂದ ಕಟ್ಟಿಕೊಂಡಿದ್ದೆ. ಅದನ್ನು ಗೌರಕ್ಕನ ಮುಂದೆ ಮಂಡಿಸಿದೆ.

ಅವರು ಗಂಭೀರವಾಗಿ ಯೋಚಿಸಿದರು. "ಹಸಿ ಟವೆಲ್ಲೋ, ಒಣಾ ಟವೆಲ್ಲೋ?"

"ಹಸಿ."

"ಹಂಗಾರ ಕರೆಂಟ್ ಹರದೈತಿ ಬಿಡು."

ಗಾಡಿ ನಿಲ್ಲಿಸುವಾಗ ಬ್ಯಾಟರಿ ಬಿಚ್ಚಿ ಒಳಗಿಡು, ತಿಂಗಳಿಗೊಮ್ಮೆ ನಾನು ಚಾರ್ಜು ಮಾಡುತ್ತೇನೆ ಎಂದರು. ನಾನು ಒಪ್ಪಲಿಲ್ಲ. ಅಮ್ಮ ಮಧ್ಯಾಹ್ನ ಮಲಗಿದಾಗ ಒಂದೆರಡು ಸಲ ಕದ್ದು ಓಡಿಸಿ ಬರುವ ಆಸೆಯಿತ್ತು. ಬದಲಿಗೆ ನೀವು ಭಾನುವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕು, ಇಂಟರ್‌ನೆಟ್ಟಿನಲ್ಲಿ ಓದಿದ್ದೇನೆ ಎಂದೆ. "ಐದು ಮಿನಿಟ್ ಅಂದ್ರ ಒಂದು ತುತ್ತು ಕೊಟ್ಟು ಎರಡು ತುತ್ತು ಕಸಗೊಂಡಂಗ. ಅಂಥಾ ಪಾಪದ ಕೆಲಸ ನಾ ಮಾಡೂದಿಲ್ಲ," ಎಂದು ಚಾವಿಯನ್ನು ನನ್ನ ಕೈಗೇ ವಾಪಸು ಕೊಟ್ಟರು. ಆ ಚಳಿಗಾಲ ಬಿಡದೆ ಮಳೆ ಬಂತು. ನನಗೆ ಒಂದು ಸಲವೂ ಹೋಗಲಾಗಲಿಲ್ಲ.

ನಾನು ಲೆಕ್ಕ ಹಾಕದೇ ಇದ್ದದ್ದು ಇನ್ನೊಂದಿತ್ತು. ಅಮ್ಮ ಬಂದ ಎರಡನೆಯ ವಾರ ಪಾರ್ಕಿನಲ್ಲಿ ಗೌರಕ್ಕನಿಗೆ ಗಂಟುಬಿದ್ದಳು. ಆಮೇಲೆ ದಿನಾ ಬೆಳಗ್ಗೆ ಇಬ್ಬರೂ ಜೊತೆಯಲ್ಲಿ ನಡೆಯುವುದು, ನಡೆದು ಅವರ ಮನೆಯಲ್ಲಿ ಚಹಾ. ನಾನು ಆಫೀಸಿನಿಂದ ಬಂದು ಶೂ ಕಳಚುವ ಮೊದಲು ಅಮ್ಮನ ಮುಖ ನೋಡುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ. "ಒಳ್ಳೇ ಹೆಂಗಸು ಕಣೆ. ಆದ್ರೆ ನಿನ್ನ ವಿಷಯ ಏನು ಕೇಳಿದ್ರೂ ಬ್ಯಾಟರಿ ಕಥೆ ಹೇಳ್ತಾರೆ," ಎಂದಳು ಒಂದು ದಿನ. ನನ್ನ ವಿಷಯ ಅವಳು ಏನು ಕೇಳಿರಬಹುದು ಎಂಬ ಚಿಂತೆ ಹತ್ತಿತು.

ತಡೆಯಲಾರದೆ ಗೌರಕ್ಕನನ್ನೇ ಕೇಳಿದೆ, ಅಮ್ಮನಿಗೆ ಏನಾದರೂ ಹೇಳಿದಿರಾ ಎಂದು. ಅವರು ಹೀರೇಕಾಯಿ ಹೆರೆಯುತ್ತಿದ್ದರು. ಹೆರೆಯುವುದನ್ನು ನಿಲ್ಲಿಸಲಿಲ್ಲ.

"ಹದಿನಾಲ್ಕು ವರ್ಷ ಬೋರ್ಡಿನ ಮುಂದ ಕುಂತಾಕಿ ನಾ. ಊರಾಗಿನ ಸಾವು, ನಿಶ್ಚಯ, ಜಗಳ, ಎಲ್ಲಾ ಈ ಕಿವಿಯಾಗ ಹಾದಾವ. ನನಗ ಈ ಕಿವಿಯಿಂದ ಆ ಕಿವಿಗೆ ಹಾದಿ ಐತಿ. ಬಾಯಿಗೆ ಹಾದಿ ಇಲ್ಲ."

ಆಮೇಲೆ, ಹೀರೇಕಾಯಿಯ ಸಿಪ್ಪೆಯಿಂದ ಚಟ್ನಿ ಮಾಡುವುದು ನಿನಗೆ ಗೊತ್ತೇ ಎಂದು ಕೇಳಿದರು.

ಮಾರ್ಚ್ ಕೊನೆಯಲ್ಲಿ ಅಮ್ಮ ಹೊರಟಳು. ಸಂಜೆ ಏರ್‌ಪೋರ್ಟಿಗೆ ಬಿಟ್ಟು ಬಂದೆ. ಮರುದಿನ ಬೆಳಗ್ಗೆ ಎಂಟಕ್ಕೆಲ್ಲ ಗೌರಕ್ಕನ ಗ್ಯಾರೇಜಿನಲ್ಲಿದ್ದೆ. ಇಷ್ಟು ಆತುರ ಪಟ್ಟದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಗಾಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಹಿಂದಿನಿಂದ ಹೊದಿಕೆ ಅರ್ಧ ಸರಿಸಿ, ಚಾವಿ ತಿರುಗಿಸಿ, ಗುಂಡಿ ಒತ್ತಿದೆ. ಏನೂ ಇಲ್ಲ. ಒಂದು ಟಕ್ ಎಂಬ ಸದ್ದೂ ಇಲ್ಲ. ಹೊಸ ಚಾರ್ಜರ್ ತಂದು ಹಚ್ಚಿದೆ. ಅದು ಕೆಂಪು ದೀಪ ಉರಿಸಿ, ಈ ಬ್ಯಾಟರಿ ಕೆಟ್ಟಿದೆ ಎಂದು ತಿಳಿಸಿ ಸುಮ್ಮನಾಯಿತು.

ಸುಮ್ಮನೆ ಒಂದು ಬ್ಯಾಟರಿ. ಹೊಸದು ತರಬಹುದು. ಆದರೆ ಅಮ್ಮ ಆಗ ಯಾವುದೋ ಸಮುದ್ರದ ಮೇಲೆ ಆಕಾಶದಲ್ಲಿದ್ದಳು, ಅವಳ ಫೋನು ಸ್ವಿಚ್ ಆಫ್ ಆಗಿತ್ತು, ನಾನು ಮತ್ತೆ ಆಣೆ ಮುರಿಯಲು ಕೂತ ಗಳಿಗೆಯಲ್ಲಿ ಏನೋ ಸತ್ತಿತ್ತು. ಚಹಾ ಹಿಡಿದು ಬಂದ ಗೌರಕ್ಕ ನನ್ನ ಮುಖ ನೋಡಿ ಲೋಟವನ್ನು ಕೆಳಗಿಟ್ಟರು.

"ಸತ್ತೈತಿ ಅಂತ ಯಾರಂದ್ರು?"

ಚಾರ್ಜರ್ ತೋರಿಸಿದೆ.

"ಈ ಡಬ್ಬಿ ಮಾತು ಕೇಳ್ತೀ? ಇದು ಉಂಡವರಿಗಷ್ಟ ಬಡಸೂ ಜಾತಿ. ಸತ್ತಿಲ್ಲವ್ವಾ, ಹಸದೈತಿ."

ಗ್ಯಾರೇಜಿನ ಬಾಗಿಲನ್ನು ಪೂರ್ತಿ ಮೇಲೆತ್ತಿಸಿದರು. ಚಾರ್ಜಾಗುವ ಬ್ಯಾಟರಿಯ ಹತ್ತಿರ ಗಾಳಿಯಾಡಬೇಕಂತೆ. ಆಸಿಡ್ ಕಣ್ಣಿಗೆ ಸಿಡಿದೀತೆಂದು ಮಗಳ ಕನ್ನಡಕಗಳನ್ನು ತಂದು ನನಗೊಂದು, ತಮಗೊಂದು ಹಾಕಿಸಿದರು. ಸೀಟು ತೆಗೆಸಿದರು. ಮೊದಲು ಮೈನಸ್ ತಂತಿ, ಆಮೇಲೆ ಪ್ಲಸ್. ಬ್ಯಾಟರಿ ಹೊರಗೆ ಬಂದ ಮೇಲೆ ಮೂಸಿದರು. ಇದು ನನಗೆ ಖಚಿತವಾಗಿ ನೆನಪಿದೆ. ಸಣ್ಣ ಮುಚ್ಚಳಗಳನ್ನು ಬಿಚ್ಚಿ ಟಾರ್ಚು ಬಿಟ್ಟು ನೋಡಿ, ಕೆಳಗಿಳಿದಿದ್ದ ಮಟ್ಟಕ್ಕೆ ಡಿಸ್ಟಿಲ್ಡ್ ವಾಟರನ್ನು ಮಗುವಿಗೆ ಔಷಧಿ ಹಾಕುವಂತೆ ಹನಿಹನಿಯಾಗಿ ಬಿಟ್ಟರು. ಆಮೇಲೆ ಮಗಳ ಮನೆಯ ಹುಲ್ಲು ಕತ್ತರಿಸುವ ಗಾಡಿಯ ಬ್ಯಾಟರಿಯನ್ನು ತರಿಸಿ, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಎಂದು ಬಾಯಲ್ಲಿ ಹೇಳುತ್ತಾ ಎರಡನ್ನೂ ಕೂಡಿಸಿದರು. ಬರಿದಾದ ಬ್ಯಾಟರಿಯನ್ನು ಕೆಟ್ಟದ್ದೆಂದು ತಳ್ಳಿದ್ದ ಚಾರ್ಜರ್, ಮತ್ತೆ ಹಚ್ಚಿದಾಗ ತುಂಬಿದ ಬ್ಯಾಟರಿ ಜೊತೆಗಿದ್ದದ್ದನ್ನು ಕಂಡು ಒಪ್ಪಿಕೊಂಡಿತು. ಹಸಿರು ದೀಪ ಮಿಟುಕಿತು. ಕಾಲು ಗಂಟೆ ಕಳೆದ ಮೇಲೆ ಜೊತೆಗಾರ ಬ್ಯಾಟರಿಯನ್ನು ಬಿಡಿಸಿದರು. ದೀಪ ಹಸಿರಾಗಿಯೇ ಉಳಿಯಿತು.

ಇನ್ನು ನಾಳೆಯವರೆಗೆ ಮುಟ್ಟಬೇಡ ಎಂದರು. ನಾನು ಆ ದಿನವೆಲ್ಲ ಅಲ್ಲೇ ಮಡಚುವ ಕುರ್ಚಿ ಹಾಕಿ ಕೂತಿದ್ದೆ. ಅವರು ಅನ್ನ, ಹೀರೇಕಾಯಿ ಪಲ್ಯ ತಂದುಕೊಟ್ಟರು. ಸಂಜೆ ಇನ್ನೂ ಬಿಸಿಲಿರುವಾಗ ಅಮ್ಮ ಬೆಂಗಳೂರಿನಿಂದ ಫೋನು ಮಾಡಿದಳು. "ಇಳಿದೆ ಕಣೆ. ಸೊಂಟ ಹಿಡಿದಿದೆ, ಇನ್ನೇನಿಲ್ಲ." ಗೌರಕ್ಕ ಫೋನು ಇಸಿದುಕೊಂಡು ಸೊಂಟಕ್ಕೆ ಏನು ಹಚ್ಚಬೇಕೆಂದು ಹೇಳಿ ಇಟ್ಟರು. ಆಮೇಲೆ ನನ್ನ ಬೆನ್ನಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದರು. ಬಹಳ ಹೊತ್ತು ಎನ್ನುವುದು ನನ್ನ ಅಂದಾಜು.

ಮರುದಿನ, ಭಾನುವಾರ ಬೆಳಗ್ಗೆ, ಬ್ಯಾಟರಿ ಕೂರಿಸಿ ಗುಂಡಿ ಒತ್ತಿದೆ. ಎರಡನೆಯ ಸಲಕ್ಕೆ ಗಾಡಿ ಹಿಡಿಯಿತು. ನಕ್ಕೆನೋ ಅತ್ತೆನೋ ದಿನಚರಿಯಲ್ಲಿ ಬರೆದಿಲ್ಲ. ಹೊದಿಕೆ ಪೂರ್ತಿ ಎಳೆದು ಗಾಡಿಯನ್ನು ಹಿಂದಕ್ಕೆ ತಳ್ಳಿಕೊಂಡು ಬಿಸಿಲಿಗೆ ತಂದಾಗ ಅದರ ಮುಖ ಕಂಡಿತು. ಹೆಡ್‌ಲೈಟಿನ ಗಾಜಿನ ಮೇಲೆ ಅರಿಶಿನ, ಅದರ ನಡುವೆ ಕುಂಕುಮ. ಒಣಗಿ ಬಿರುಕು ಬಿಟ್ಟಿತ್ತು. ಗಾಡಿ ನಿಂತಿದ್ದ ಜಾಗದಲ್ಲಿ, ಗೋಡೆಗೂ ಮುಂದಿನ ಚಕ್ರಕ್ಕೂ ನಡುವೆ, ಒಂದು ನಿಂಬೆಹಣ್ಣು. ಒಣಗಿ ಅಡಿಕೆಯಷ್ಟಾಗಿತ್ತು.

ಓಡಿಸಬಾರದ ಗಾಡಿಯ ಚಕ್ರಕ್ಕೆ ಯಾರೂ ನಿಂಬೆಹಣ್ಣು ಇಡುವುದಿಲ್ಲ.

ಗೌರಕ್ಕ ಮಾಡುವುದಾದರೆ ವಿಭೂತಿ ಇಲ್ಲದೆ ಪೂಜೆಯಿಲ್ಲ, ಇಲ್ಲಿ ವಿಭೂತಿಯ ಗುರುತೇ ಇಲ್ಲ. ಅವರತ್ತ ತಿರುಗಿದೆ. "ಯಾರು ಅಕ್ಕ?" ಎಂದೆ. ಅವರು ಚಾರ್ಜರಿನ ತಂತಿ ಸುತ್ತುತ್ತಾ, ಒಮ್ಮೆ ಹುಬ್ಬಳ್ಳಿಯಲ್ಲಿ ಮೂರು ದಿನ ಕರೆಂಟಿಲ್ಲದಾಗ ತಮ್ಮ ಬ್ಯಾಟರಿಗಳು ಹೇಗೆ ಊರನ್ನು ಕಾದವು ಎಂಬ ಕಥೆ ಶುರುಮಾಡಿದರು. ಕಥೆ ಮುಗಿಸಿ, ಆ ನಿಂಬೆಹಣ್ಣನ್ನು ಎತ್ತಿ ತಂದು ನನ್ನ ಮುಂದಿನ ಚಕ್ರದ ಕೆಳಗೆ ಇಟ್ಟರು. "ಹಾಯಿಸಿಕೊಂಡು ಹೋಗು. ಸಾವಕಾಶ." ಅದು ಅಪ್ಪಚ್ಚಿಯಾಗಲಿಲ್ಲ, ಕಡಲೆಕಾಯಿಯಂತೆ ಪಟ್ಟೆಂದಿತು.

ಆ ವರ್ಷ ದಸರೆಗೆ ಮೊದಲೇ ಗೌರಕ್ಕ ಹುಬ್ಬಳ್ಳಿಗೆ ಹೊರಟರು. ತಂಗಿಯ ಜೊತೆ ಇರುತ್ತೇನೆ, ಇಲ್ಲಿ ಎಲ್ಲವೂ ತಾನೇ ನಡೆಯುತ್ತದೆ, ನನಗೆ ಮಾಡಲು ಕೆಲಸವಿಲ್ಲ ಎಂದರು. ಬೇಸರದಿಂದಲ್ಲ, ರಜೆ ಸಿಕ್ಕವರ ಹಾಗೆ. ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡ ಮೇಲೆ ಕಿಟಕಿ ಇಳಿಸಿದರು. ಈಗಲಾದರೂ ಪೂಜೆಯ ವಿಷಯ ಹೇಳುತ್ತಾರೆ ಎಂದುಕೊಂಡೆ. ಚಳಿಗಾಲದ ಮಳೆಯಲ್ಲಿ ಬ್ಯಾಟರಿಯನ್ನು ಬಿಚ್ಚಿ ಇಡಬೇಕು, ನಿನ್ನ ಇಂಟರ್‌ನೆಟ್ಟಿನ ಮಾತು ಕೇಳಬೇಡ ಎಂದರು. ಕಾರು ತಿರುವಿನಲ್ಲಿ ಮರೆಯಾಯಿತು. ಈಗ ಆ ಗ್ಯಾರೇಜಿನ ಮುಂದೆ ಹಾದರೆ ಬಾಗಿಲು ಮುಚ್ಚಿರುತ್ತದೆ.

ಹೋದ ತಿಂಗಳು ಅಮ್ಮನಿಗೆ ಫೋನಿನಲ್ಲಿ ಕೇಳಿಯೇಬಿಟ್ಟೆ. "ಅಮ್ಮ, ನನ್ನ ಗಾಡಿಗೆ ಪೂಜೆ ಮಾಡಿದ್ದು ನೀನೇನಾ?"

"ಕುಕ್ಕರ್ ಕೂಗ್ತಾ ಇದೆ, ಇರು, ನಾನೇ ಫೋನ್ ಮಾಡ್ತೀನಿ," ಎಂದು ಇಟ್ಟಳು. ಅದಾದ ಮೇಲೆ ಹತ್ತಾರು ಸಲ ಮಾತಾಡಿದ್ದೇವೆ. ಪ್ರತಿ ಸಲವೂ ಇಡುವ ಮೊದಲು, ನಿಧಾನವಾಗಿ ಹೋಗು ಎನ್ನುತ್ತಾಳೆ. ಎಲ್ಲಿಗೆ, ಯಾವುದರಲ್ಲಿ ಎಂದು ಹೇಳುವುದಿಲ್ಲ.