ಬಿಳಿ ಪಟ್ಟಿಯ ಮೇಲೆ ಕಂಡಿಕಿ

ಬನಹಟ್ಟಿಯ ರಸ್ತೆಗೆ ಹೊಸ ಡಾಂಬರು ಹಾಕಿಸಿ, ಜನ ದಾಟಲೆಂದು ಬಿಳಿ ಪಟ್ಟಿ ಬಳಿಸಿದ ಇಂಜಿನಿಯರ್ ನಾನೇ. ಬಣ್ಣ ಒಣಗಿದ ದಿನವೇ ಒಬ್ಬ ಅಜ್ಜಿ ತಲೆ ಮೇಲೆ ಕಂಡಿಕಿ ಬುಟ್ಟಿ ಹೊತ್ತು, ಪಟ್ಟಿ ಬಿಟ್ಟು ತನ್ನ ಹಳೇ ದಾರಿಯಲ್ಲೇ ಎದುರಿನ ಮಗ್ಗದ ಮನೆಗೆ ಹೊರಟಿದ್ದಳು. ಕಂಡಿಕಿ ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುತ್ತು. ಚಹಾದಂಗಡಿ ಮುಂದೆ ನಾಲ್ಕು ಜನ ನಿಂತಿದ್ದರು. ನನಗೂ ಹುರುಪು ಬಂತು.

"ಏನ್ಬೇ ಯವ್ವಾ, ಈ ಪಟ್ಟಿ ಬಳದದ್ದು ಯಾರ ಸಲುವಾಗಿ? ಅದರ ಮ್ಯಾಲೆ ದಾಟು, ಗಾಡಿ ತಾವ ನಿಂದರತಾವ!" ಎಂದು ಗದರಿದೆ.

"ಆತ್ರಿ ಸಾಹೇಬ್ರ," ಎಂದು ತಿರುಗಿ ಬಂದು ಪಟ್ಟಿಯ ಮೇಲೆಯೇ ದಾಟಿದಳು.

ಮರುದಿನ ಮುಂಜಾನೆ ಜಮಖಂಡಿಯಲ್ಲಿ ರಸ್ತೆ ಸುರಕ್ಷತೆಯ ಮೀಟಿಂಗ್. ನನಗೆ ತಡವಾಗಿತ್ತು. ಪಟ್ಟಿಯ ಮೇಲೆ ಯಾರೋ ಕಂಡರೂ ಬೈಕಿನ ವೇಗ ಇಳಿಸದೆ ಹಾರ್ನ್ ಒತ್ತಿದೆ. ಅದೇ ಅಜ್ಜಿ. ಬೆಚ್ಚಿ ಹಿಂದೆ ಸರಿದಳು. ಬುಟ್ಟಿ ಮಗುಚಿ ಕಂಡಿಕಿಗಳೆಲ್ಲ ಉರುಳಿದವು. ನನ್ನ ಬಿಳಿ ಪಟ್ಟಿಯ ತುಂಬಾ ಕೆಂಪು ನೂಲು ಬಿಚ್ಚಿಕೊಂಡಿತು.

ಗಾಡಿ ನಿಲ್ಲಿಸಿ ಆರಿಸಿಕೊಡಲು ಬಗ್ಗಿದೆ. ಹೆಲ್ಮೆಟ್ ಇದ್ದುದರಿಂದ ಅವಳಿಗೆ ನನ್ನ ಗುರುತು ಹತ್ತಲಿಲ್ಲ.

"ನಿನ್ನೆ ಒಬ್ರು ಸಾಹೇಬ್ರು ಇಲ್ಲೇ ದಾಟು ಅಂದಿದ್ರು ತಮ್ಮಾ," ಅಂದಳು, ಸಿಟ್ಟಿಲ್ಲದೆ. "ಪಾಪ, ಛಲೋ ಮನಶ್ಯಾ. ನಿನ್ನಂಥಾವ್ರು ಹಿಂಗ ಬರ್ತಾರಂತ ಅವ್ರಿಗೇನ ಗೊತ್ತು?"

ಕೊನೆಯ ಕಂಡಿಕಿ ಬುಟ್ಟಿಗೆ ಬೀಳುವವರೆಗೂ ನಾನು ಹೆಲ್ಮೆಟ್ ತೆಗೆಯಲಿಲ್ಲ. ಅವತ್ತು ನಾನು ತಪ್ಪದೆ ಪಾಲಿಸಿದ ರಸ್ತೆ ನಿಯಮ ಅದೊಂದೇ.