ಪರದೆಯ ಮೇಲೆ ಸಂಗಮ್ಮನ ಕಣ್ಣು

ಜೋಳ ಕೊಯ್ಯುವಾಗ ಗರಿಯೊಂದು ನನ್ನ ಹೆಂಡತಿ ಸಂಗಮ್ಮನ ಬಲಗಣ್ಣಿಗೆ ಬಡಿಯಿತು. ಸೆರಗಿನಿಂದ ಒರೆಸಿಕೊಂಡು ಕೆಲಸ ಮುಂದುವರಿಸಿದಳು. ವಾರ ಕಳೆಯುವಷ್ಟರಲ್ಲಿ ಕಣ್ಣು ಕೆಂಪಾಗಿ ಊದಿತು. ಬೆಳಕು ಬಿದ್ದರೆ ಗೋಡೆಗೆ ಮುಖ ತಿರುಗಿಸುತ್ತಿದ್ದಳು. ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿತ್ತು.

ನಮ್ಮದು ತೆಲಂಗಾಣದ ಗಡಿಯಲ್ಲಿ, ಕಂಗ್ಟಿ ಹತ್ತಿರದ ಹಳ್ಳಿ. ನಾರಾಯಣಖೇಡದ ಕಣ್ಣಿನ ಸೆಂಟರ್‌ನಲ್ಲಿ ಡಾಕ್ಟರ್ ಇಲ್ಲ. ಟೆಕ್ನಿಷಿಯನ್ ಲಕ್ಷ್ಮಿ ಮಷಿನ್‌ನಲ್ಲಿ ಕಣ್ಣಿನ ಫೋಟೊ ತೆಗೆದು ಜಹೀರಾಬಾದಿನ ಆಸ್ಪತ್ರೆಗೆ ಕಳಿಸುತ್ತಾಳೆ. ನಾವು ಹೋದಾಗಲೂ ಕಳಿಸಿದಳು. ಅಲ್ಲಿನ ಹಿರಿಯ ಡಾಕ್ಟರ್, ಫೋಟೊ ನಂಬಿ ಔಷಧ ಬರೆಯುವುದಿಲ್ಲ, ಪೇಶಂಟನ್ನೇ ಕಳಿಸಿ ಎಂದರು.

ಹೋದೆವು. ಕಾರ್ನಿಯಲ್ ಅಲ್ಸರ್ ಎಂದರು, ಕಪ್ಪುಗುಡ್ಡೆಯ ಮೇಲೆ ಹುಣ್ಣು. ಫಂಗಸ್‌ನಿಂದ ಆದದ್ದು.

ಹುಣ್ಣು ಕೆರೆದು ಟೆಸ್ಟಿಗೆ ಕಳಿಸಿದರು. ಹಗಲು ರಾತ್ರಿ ಗಂಟೆಗೊಮ್ಮೆ ಡ್ರಾಪ್ಸ್. ಅವಳಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ಅದರ ಮೇಲೆ ವಾರವಾರ ಚೆಕಪ್ಪಿಗೆ ಜೀಪು, ಆಮೇಲೆ ಬಸ್ಸು, ಆಮೇಲೆ ಆಸ್ಪತ್ರೆಯ ಬೆಂಚು. ಕಣ್ಣಿಗೆ ಬಟ್ಟೆ ಒತ್ತಿಕೊಂಡು ಅವಳು ದಾರಿಯುದ್ದಕ್ಕೂ ವಾಂತಿ ಮಾಡುತ್ತಿದ್ದಳು.

ಒಮ್ಮೆ ಕೇಳಿಯೇಬಿಟ್ಟೆ. ನಾರಾಯಣಖೇಡದಿಂದಲೇ ಫೋಟೊ ಕಳಿಸಿದರೆ ನಡೆಯುವುದಿಲ್ಲವೇ?

“ಫೋಟೊದಾಗ ಹುಣ್ಣಿನ ಆಳ ತಿಳಿಯಂಗಿಲ್ರಿ,” ಎಂದರು ಹಿರಿಯ ಡಾಕ್ಟರ್. ಅವರು ಬೀದರ್ ಕಡೆಯವರು, ನಮ್ಮ ಹಾಗೆ ಕನ್ನಡದವರೇ. “ಏನರ ತಪ್ಪಿತಂದ್ರ ಕಣ್ಣು ಹೋಗ್ತದ. ಆಮ್ಯಾಲ ಯಾರು ಜವಾಬು ಕೊಡಬೇಕು?”

ಜೊತೆಗಿದ್ದ ಕಿರಿಯ ಡಾಕ್ಟರಮ್ಮ ಒಪ್ಪಲಿಲ್ಲ. ಹುಣ್ಣು ಮಾಯುತ್ತಿದೆಯೋ ಹರಡುತ್ತಿದೆಯೋ ನೋಡಲು ಫೋಟೊ ಸಾಕು, ನೋವು ಹೆಚ್ಚಾದರೆ ಕರೆಸಿಕೊಳ್ಳೋಣ ಎಂದರು. ಇಬ್ಬರೂ ಇಂಗ್ಲಿಷಿನಲ್ಲಿ ವಾದಕ್ಕಿಳಿದರು. ನಾವು ಸ್ಟೂಲಿನ ಮೇಲೆ ಕುಳಿತೇ ಇದ್ದೆವು.

ಸಂಗಮ್ಮ ತಲೆ ಎತ್ತದೆ ಹೇಳಿದಳು: “ಸಾಹೇಬ್ರ, ನನಗ ಬರಾಕ ತಾಕತ್ ಉಳದಿಲ್ರಿ. ಹೋದ್ರ ಹೋಗಲಿ ಕಣ್ಣು, ಮನ್ಯಾಗ ಇರ್ತೀನಿ.”



 ಕೊನೆಗೆ ಹಿರಿಯ ಡಾಕ್ಟರ್ ಒಂದು ವಾರ ಫೋಟೊ, ಒಂದು ವಾರ ಖುದ್ದು ಬರುವುದು ಎಂದು ಗೊತ್ತುಮಾಡಿದರು. ಮನಸ್ಸಿಲ್ಲದೆ ಒಪ್ಪಿದ್ದು ಮುಖದಲ್ಲೇ ಕಾಣುತ್ತಿತ್ತು.

ಮುಂದೊಂದು ದಿನ ಲಕ್ಷ್ಮಿ ಫೋಟೊ ಕಳಿಸಿದ ಸ್ವಲ್ಪ ಹೊತ್ತಿಗೇ ಹಿರಿಯ ಡಾಕ್ಟರ ಫೋನ್ ಬಂತು. ಹುಣ್ಣಿನ ಅಂಚು ಸರಿಯಿಲ್ಲ, ಇವತ್ತೇ ಹೊರಡಿ. ಹೋದೆವು. ಔಷಧ ಬದಲಾಯಿತು. ತಡವಾಗಿದ್ದರೆ ಕಷ್ಟವಿತ್ತು ಎಂದಷ್ಟೇ ಹೇಳಿ ಮುಂದಿನ ಪೇಶಂಟನ್ನು ಕರೆದರು.

ಹುಣ್ಣು ನಿಧಾನಕ್ಕೆ ಒಣಗಿತು. ಕಲೆ ಉಳಿಯಿತು.

ಈಚೆಗೆ ನಾರಾಯಣಖೇಡದಲ್ಲಿ ವಿಡಿಯೊ ಕಾಲ್‌ಗೆ ಹಿರಿಯ ಡಾಕ್ಟರೇ ಬಂದರು. ಎಡಗಣ್ಣು ಮುಚ್ಚಿಕೊಳ್ಳಲು ಹೇಳಿ ಕೇಳಿದರು: “ಸಂಗಮ್ಮ, ನಾ ಕಾಣ್ತೀನೇನು?”

“ಹೊಗಿಯೊಳಗ ಕುಂತಂಗ ಕಾಣ್ತೀರಿ,” ಎಂದಳು. “ಕೈ ಆಡಸ್ಲಾಕತ್ತೀರಿ.”

ಅವರು ನಿಜಕ್ಕೂ ಕೈ ಬೀಸುತ್ತಿದ್ದರು.

ನಮಗೆ ಉಳಿದದ್ದು ಅಷ್ಟು. ಸೂಜಿಗೆ ದಾರ ಪೋಣಿಸಲು ಈಗ ನನ್ನನ್ನು ಕರೆಯುತ್ತಾಳೆ. ಎಷ್ಟೇ ದಣಿದಿದ್ದರೂ ಎದ್ದು ಹೋಗುತ್ತೇನೆ.