ಟ್ಯಾಂಕರ್ ಅಕ್ಕನ ಪಕ್ಕದ ಸೀಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮರಳುಗಾಡಿನ ವನ್ಯಜೀವಿ ಉದ್ಯಾನದ ಹಿಂದಿನ ಗೇಟಿನಲ್ಲಿ ಹಳೆಯ ನೀರಿನ ಟ್ಯಾಂಕರೊಂದು ಕೆಮ್ಮಿ, ನಡುಗಿ, ಕೊನೆಗೂ ಹೊರಡಲು ಒಪ್ಪಿಕೊಳ್ಳುತ್ತದೆ. ಸ್ಟೇರಿಂಗ್ ಹಿಡಿದಿರುವವರು ಐವತ್ತರ ಆಸುಪಾಸಿನ ಹೆಂಗಸು. ಸೀಟಿನ ಮೇಲೆ ಕಂಬಳಿ ಮಡಿಸಿ ಹಾಕಿಕೊಂಡರಷ್ಟೇ ಆಕೆಗೆ ಮುಂದಿನ ದಾರಿ ಕಾಣುತ್ತದೆ. ಪಕ್ಕದಲ್ಲಿ ಆಕೆಯ ಯಜಮಾನರು, ಮೊಣಕಾಲುಗಳ ನಡುವೆ ಊರುಗೋಲು.

"ಎರಡನೇ... ಗೇರ್," ಎನ್ನುತ್ತಾರೆ ಯಜಮಾನರು.

"ಹಾಕಿ ಆಗ್ಲೇ ಯುಗ ಆಯ್ತು ರೀ, ಸುಮ್ನಿರಿ."

ಉದ್ಯಾನದಲ್ಲಿ ಎಲ್ಲರೂ ಆಕೆಯನ್ನು ಟ್ಯಾಂಕರ್ ಅಕ್ಕ ಎನ್ನುತ್ತಾರೆ. ನೀಳ ಕೊಂಬಿನ ಜಿಂಕೆಗಳು ತೊಟ್ಟಿಯ ಸುತ್ತ ನಿಂತು ನೀರು ಕುಡಿಯುವ ಫೋಟೊ ಇಲ್ಲಿಗೆ ಬಂದುಹೋದವರೆಲ್ಲರ ಮೊಬೈಲಿನಲ್ಲೂ ಇದೆ. ಒಳಗೆ ಕೆರೆಯಿಲ್ಲ, ಹಳ್ಳವಿಲ್ಲ. ಆ ನೀರು ಎಲ್ಲಿಂದ ಬಂತೆಂದು ಮಾತ್ರ ಯಾರೂ ಕೇಳುವುದಿಲ್ಲ. ದಿನಕ್ಕೆ ಮೂರು ಟ್ಯಾಂಕರ್ ನೀರನ್ನು ಹನ್ನೊಂದು ತೊಟ್ಟಿಗಳಿಗೆ ಅಕ್ಕ ತುಂಬಿಸುತ್ತಾರೆ. ಬಿಸಿಲು ಏರಿದ ತಿಂಗಳುಗಳಲ್ಲಿ ಸಂಜೆಗೆ ಇನ್ನೊಂದು ಸುತ್ತು.

ಈ ಟ್ಯಾಂಕರ್ ಮೊದಲು ಯಜಮಾನರ ಕೈಯಲ್ಲಿತ್ತು. ಅಕ್ಕ ಆಗ ಇದೇ ಉದ್ಯಾನದಲ್ಲಿ ಪ್ರವಾಸಿಗರ ಶೌಚಾಲಯ ತೊಳೆಯುತ್ತಿದ್ದರು. ಒಂದು ಬೆಳಿಗ್ಗೆ ಯಜಮಾನರು ಪೈಪು ಹಿಡಿದಿದ್ದ ಹಾಗೆಯೇ ತೊಟ್ಟಿಯ ಪಕ್ಕ ಕುಸಿದುಬಿದ್ದರು. ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಮಾತೂ ನಿಂತುಹೋಯಿತು.

"ವಟವಟ ಅಂತ ಮಾತಾಡ್ತಿದ್ದ ಮನುಷ್ಯ ಗೋಡೆ ನೋಡ್ಕೊಂಡು ಕೂತ್ಬಿಟ್ರು. ಕೈಕಾಲು ಹೋಗಿದ್ದು ಹೇಗೋ ತಡ್ಕೊಂಡೆ. ಮನೆ ಸದ್ದಿಲ್ದೆ ಇರೋದು ತಡ್ಕೊಳಕ್ಕಾಗ್ಲಿಲ್ಲ," ಎನ್ನುತ್ತಾರೆ ಅಕ್ಕ.

ಗಂಡನ ಕೆಲಸ ತನಗೇ ಕೊಡಿ ಎಂದು ಕೇಳಿದಾಗ ಆಫೀಸಿನಲ್ಲಿ ನಕ್ಕರು. ನಕ್ಕು ಮುಗಿದ ಮೇಲೆ, ಕಲಿತು ತೋರಿಸು ನೋಡೋಣ ಎಂದರು. ಉಗ್ರಾಣದ ಹಿಂದಿನ ಬಯಲಿನಲ್ಲಿ ಕಲಿಕೆ ಶುರುವಾಯಿತು. ಪಕ್ಕದಲ್ಲಿ ಕೂರುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ಯಜಮಾನರನ್ನೇ ಎತ್ತಿ ಕೂರಿಸಿಕೊಂಡರು. ಒಂದು ದಿನ ಟ್ಯಾಂಕರ್ ಸೀದಾ ಉಗ್ರಾಣದ ಗೋಡೆಯತ್ತ ನುಗ್ಗಿತು. ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿ ಆಗ ತೆರೆಯಿತು: "ಕ್ಲಚ್!"

ಗೋಡೆ ಗೇಣು ದೂರವಿರುವಾಗ ಗಾಡಿ ನಿಂತಿತು. ಅಕ್ಕ ಸ್ಟೇರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. "ಮಕ್ಳು ಅಮ್ಮ ಅಂತ ಮಾತು ಶುರು ಮಾಡ್ತವೆ. ನಮ್ಮ ಯಜಮಾನ್ರು ಕ್ಲಚ್ ಅಂತ ಶುರು ಮಾಡಿದ್ರು," ಎಂದು ಈಗ ನಗುತ್ತಾರೆ. ಆಮೇಲೆ ಬ್ರೇಕ್ ಬಂತು, ಎಡಕ್ಕೆ ಬಂತು, ನಿಧಾನ ಬಂತು. ಒಂದೊಂದೇ ಮಾತು ಈ ಸೀಟಿನಲ್ಲೇ ಹುಟ್ಟಿತು.

ಕೆಲಸ ಸಿಕ್ಕ ಮೇಲೂ ಅಕ್ಕ ಗಂಡನನ್ನು ಮನೆಯಲ್ಲಿ ಬಿಡಲಿಲ್ಲ. ಹೊರಗಿನವರು ಟ್ಯಾಂಕರ್ ಹತ್ತಬಾರದೆಂಬುದು ನಿಯಮ. ಹಿಂದಿನ ಗೇಟಿನ ಕಾವಲುಗಾರ ಕಂಡೂ ಕಾಣದವನಂತೆ ಆಕಾಶ ನೋಡುತ್ತ ನಿಲ್ಲುತ್ತಿದ್ದ.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಪ್ರವಾಸಕ್ಕೆಂದು ಗಂಡ ಹೆಂಡತಿಯಿಬ್ಬರು ಬಂದರು. ಮರಳುನರಿಯ ಫೋಟೊ ತೆಗೆಯುವ ಆಸೆಗೆ ದಾರಿ ಬಿಟ್ಟು ಕಾರು ಇಳಿಸಿದರು. ಚಕ್ರ ಹೂತುಹೋಯಿತು. ನಿನ್ನಿಂದಾಯಿತು, ನಿಮ್ಮಿಂದಾಯಿತು ಎಂದು ಮಾತಿಗೆ ಮಾತು ಬೆಳೆದು, ಗಂಡನಾದವರು ಸಹಾಯ ತರುತ್ತೇನೆಂದು ಸಿಟ್ಟಿನಲ್ಲೇ ನಡೆದುಬಿಟ್ಟರು. ಟ್ಯಾಂಕರ್ ಆ ಕಡೆ ಬಂದಾಗ ಕಾರಿನ ನೆರಳಿನಲ್ಲಿ ಹೆಂಡತಿಯೊಬ್ಬರೇ ಕೂತಿದ್ದರು.

"ಹೋಗಿ ಬಹಳ ಹೊತ್ತಾಯ್ತಮ್ಮ. ನೀರಿನ ಬಾಟ್ಲಿ ಕೂಡ ಇಲ್ಲೇ ಬಿಟ್ಟು ಹೋಗಿದಾರೆ," ಎಂದರು.

ಅಕ್ಕ ಆಕೆಯನ್ನು ಹತ್ತಿಸಿಕೊಂಡು ಹೆಜ್ಜೆಗುರುತಿನ ಹಿಂದೆ ಟ್ಯಾಂಕರ್ ತಿರುಗಿಸಿದರು. ಗಾಳಿ ಬೀಸಿದಲ್ಲೆಲ್ಲ ಗುರುತು ಅಳಿಸಿಹೋಗಿತ್ತು. ಸುತ್ತಿ ಸುತ್ತಿ, ಕೊನೆಗೆ ಮುಳ್ಳಿನ ಪೊದೆಯ ಕೆಳಗೆ ತಲೆಗೆ ಅಂಗಿ ಹೊದ್ದು ಕೂತಿದ್ದ ಅವರು ಕಂಡರು. ಆಫೀಸಿಗೆ ತೀರಾ ವಿರುದ್ಧ ದಿಕ್ಕಿಗೆ ನಡೆದಿದ್ದರು. ತುಟಿ ಒಡೆದಿತ್ತು, ಎದ್ದು ನಿಲ್ಲುವ ತ್ರಾಣವಿರಲಿಲ್ಲ. ಜಿಂಕೆಗಳ ಪಾಲಿನ ನೀರನ್ನೇ ಅಕ್ಕ ಅವರ ತಲೆಗೆ ಸುರಿದರು, ಬೊಗಸೆಯಲ್ಲಿ ಕುಡಿಸಿದರು. ಹೆಂಡತಿ ಮೊದಲು ಬಾಯಿಗೆ ಬಂದಂತೆ ಬೈದರು. ಆಮೇಲೆ ಗಂಡನ ಕೈ ಹಿಡಿದವರು ಆಫೀಸು ಮುಟ್ಟುವವರೆಗೂ ಬಿಡಲಿಲ್ಲ.

ಮರುದಿನ ಇಬ್ಬರೂ ಕೃತಜ್ಞತೆ ಹೇಳಲು ಮ್ಯಾನೇಜರ ಬಳಿ ಹೋದರು. "ನಿಮ್ಮ ಟ್ಯಾಂಕರಿನ ಗಂಡ ಹೆಂಡ್ತಿ ಬರ್ದೇ ಇದ್ದಿದ್ರೆ ನನ್ನ ಕಥೆ ಅಲ್ಲಿಗೇ ಮುಗೀತಿತ್ತು ಸಾರ್," ಎಂದರು ದಾರಿ ತಪ್ಪಿದ್ದವರು.

ಮ್ಯಾನೇಜರ ನಗು ಅರ್ಧಕ್ಕೇ ನಿಂತಿತು. "ಗಂಡನಾ? ಯಾವ ಗಂಡ?"

ಅವತ್ತಿನಿಂದಲೇ ಯಜಮಾನರಿಗೆ ಟ್ಯಾಂಕರ್ ಬಂದ್ ಆಯಿತು. ಮತ್ತೆ ಮನೆ, ಮತ್ತೆ ಅದೇ ಗೋಡೆ. "ಊಟ ಆಯ್ತಾ ಅಂದ್ರೆ ತಲೆ ಆಡ್ಸೋರು, ಅಷ್ಟೇ. ಬಂದಿದ್ದ ಮಾತೆಲ್ಲ ವಾಪಸ್ ಹೋಗ್ಬಿಡುತ್ತೇನೋ ಅಂತ ಹೆದರಿಕೆ ಆಗ್ತಿತ್ತು," ಎನ್ನುತ್ತಾರೆ ಅಕ್ಕ.

ಬೇಲಿಯ ಗೇಟುಗಳನ್ನು ಅಲ್ಲಿಯವರೆಗೆ ತೆಗೆದು ಮುಚ್ಚುತ್ತಿದ್ದವರು ಯಜಮಾನರೇ. ಊರುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಚಿಲಕ ಎಳೆಯುತ್ತಿದ್ದರು. ಈಗ ಅಕ್ಕನೇ ಇಳಿದು ತೆಗೆಯಬೇಕು, ಹತ್ತಿ ಒಳಗೆ ಹೋಗಬೇಕು, ಮತ್ತೆ ಇಳಿದು ಮುಚ್ಚಬೇಕು. ಒಂದು ದಿನ ಇಳಿಯುವ ಹತ್ತುವ ಈ ಗಡಿಬಿಡಿಯಲ್ಲಿ ಎರಡು ಉಷ್ಟ್ರಪಕ್ಷಿಗಳು ಗೇಟು ದಾಟಿ ಹೊರಗೆ ಬಿದ್ದವು. ಅಡುಗೆಯವರಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರೂ ಅವುಗಳ ಹಿಂದೆ ಓಡಿದ್ದೇ ಓಡಿದ್ದು.

ಹಕ್ಕಿಗಳನ್ನು ಒಳಗೆ ಸೇರಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಏದುಸಿರು ಬಿಡುತ್ತ ಮ್ಯಾನೇಜರ್ ಕೇಳಿದರು: "ಮೊದ್ಲು ಯಾವತ್ತೂ ಹೀಗಾಗಿರ್ಲಿಲ್ವಲ್ಲಮ್ಮ?"

"ಮೊದ್ಲು ಗೇಟಲ್ಲಿ ಜನ ಇದ್ರು ಸಾರ್."

ಮ್ಯಾನೇಜರ್ ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು. "ನಾಳೆ ಕರ್ಕೊಂಡು ಬನ್ನಿ," ಎಂದರು.

ಈಗ ಯಜಮಾನರ ಕೊರಳಲ್ಲಿ 'ಗೇಟು ಸಹಾಯಕ' ಎಂಬ ಗುರುತಿನ ಚೀಟಿ ತೂಗುತ್ತದೆ. ಮಲಗುವಾಗಲಾದರೂ ತೆಗೆಯಿರಿ ಎಂದು ಅಕ್ಕ ದಿನವೂ ಜ್ಞಾಪಿಸಬೇಕು. ಅವರು ಚಿಲಕ ತೆಗೆಯುವುದು ತಡವಾಗುತ್ತದೆ. ಅಕ್ಕ ಹಾರ್ನ್ ಮಾಡುವುದಿಲ್ಲ, ಕಾಯುತ್ತಾರೆ.

ಬಿಸಿಲು ಏರಿದೆ. ಕೊನೆಯ ತೊಟ್ಟಿ ತುಂಬಿ, ಪೈಪು ಸುತ್ತಿಡುವಾಗ ಪ್ರವಾಸಿಗರ ಬಸ್ಸು ದೂಳೆಬ್ಬಿಸುತ್ತ ಬರುತ್ತದೆ. ಅವರ ಫೋಟೊದಲ್ಲಿ ಟ್ಯಾಂಕರ್ ಬೀಳದಿರಲೆಂದು ಅಕ್ಕ ಗಾಡಿಯನ್ನು ದಿಬ್ಬದ ಮರೆಗೆ ಸರಿಸುತ್ತಾರೆ.

"ಒಂದ್ಸಲ ನಾವಿಬ್ರೂ ಟಿಕೆಟ್ ತಗೊಂಡು ಆ ಬಸ್ಸಲ್ಲಿ ಬರ್ಬೇಕು," ಎನ್ನುತ್ತಾರೆ ಬಸ್ಸನ್ನೇ ನೋಡುತ್ತ. "ಬೇರೆ ಯಾರಾದ್ರೂ ಓಡಿಸ್ಲಿ. ನನ್ನ ಕಣ್ಣೆಲ್ಲ ದಾರಿ ಮೇಲೇ ಇರುತ್ತೆ, ಒಂದು ಜಿಂಕೆ ಮುಖಾನೂ ಸರಿಯಾಗಿ ನೋಡಿಲ್ಲ. ಅವತ್ತು ಕಿಟಕಿ ಪಕ್ಕ ಕೂತು ಕಣ್ತುಂಬ ನೋಡ್ಬೇಕು."

ಯಜಮಾನರು ಮಾತು ಹುಡುಕುತ್ತಾರೆ. ತುಟಿ ಅಲ್ಲಾಡುತ್ತದೆ, ನಿಲ್ಲುತ್ತದೆ, ಮತ್ತೆ ಅಲ್ಲಾಡುತ್ತದೆ. ಅಕ್ಕ ಅವಸರಪಡಿಸದೆ ಅವರ ಕಡೆಗೇ ತಿರುಗಿ ಕೂರುತ್ತಾರೆ.

"ಕಿಟಕಿ ಪಕ್ಕ... ನಾನು," ಎನ್ನುತ್ತಾರೆ ಯಜಮಾನರು.